ಮುಟ್ಟಬೇಡಿ ಮೇಡಮ್

"ಮುಟ್ಟಬೇಡ" ಎಂಬ ಮಾತು ನಮಗೆ, ಹೆಂಗಸರಿಗೆ, ಹೊಸದೇನಲ್ಲ. ಉಪ್ಪಿನಕಾಯಿ ಜಾಡಿ ಮುಟ್ಟಬೇಡ, ಒಣಹಾಕಿದ ಮಡಿಬಟ್ಟೆ ಮುಟ್ಟಬೇಡ, ಆ ಮೂರು ದಿನ ದೇವರಮನೆಯ ಕಡೆ ಸುಳಿಯಲೇಬೇಡ, ಅಪ್ಪನ ರೇಡಿಯೋ ಅಂತೂ ಯಾವತ್ತೂ ಮುಟ್ಟಬೇಡ. ಯಳಂದೂರಿನ ತವರುಮನೆಯಲ್ಲಿ ಮಗ್ಗಿಯ ಜೊತೆಗೇ ಈ ಪಟ್ಟಿಯನ್ನೂ ಬಾಯಿಪಾಠ ಮಾಡಿ ಬೆಳೆದವಳು ನಾನು. ಐವತ್ತು ದಾಟಿದ ಮೇಲೆ, ನನ್ನ ಹೆಸರಿನಲ್ಲೇ ಸಾಲ ಮಾಡಿ, ನನ್ನ ಸಂಬಳದಿಂದಲೇ ಕಂತು ಕಟ್ಟುತ್ತಿರುವ ಕಾರಿನ ವಿಷಯದಲ್ಲೂ ಅದೇ ಮಾತು ಕೇಳಬೇಕಾಗಿ ಬರುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ಕಾರು ಕರೆಂಟಿನದು. ನನ್ನ ಮನೆ ಕೊಳ್ಳೇಗಾಲದಲ್ಲಿ, ಕೆಲಸ ಹನೂರಿನ ಹೈಸ್ಕೂಲಿನಲ್ಲಿ, ಭಾನುವಾರ ಬಂದರೆ ಯಳಂದೂರಿಗೆ ಹೋಗಿ ಅಮ್ಮನನ್ನು ನೋಡಿ ಬರಬೇಕು. ಪೆಟ್ರೋಲಿನ ಲೆಕ್ಕ ಬರೆದು ಬರೆದು ಸಾಕಾಗಿ ಈ ಕಾರು ಕೊಂಡೆ. "ಕರೆಂಟ್ ಗಾಡಿಯಾ? ಹುಷಾರು" ಎಂದವರೇ ಎಲ್ಲರೂ. ನಮ್ಮೂರಿನಿಂದ ಕೂಗಳತೆಯ ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಕರೆಂಟಿನ ಕಾರನ್ನು ನಮ್ಮ ಬೆಂಗಳೂರಿನಲ್ಲೇ ತಯಾರಿಸಿ 2001ರಲ್ಲಿ ರೇವಾ ಎಂಬ ಹೆಸರಿನಲ್ಲಿ ಮಾರಿದರು. ಆದರೂ ನಮ್ಮವರಿಗೆ ಅದು ಇನ್ನೂ ದೆವ್ವದ ಗಾಡಿ.

ಹೋದ ವರ್ಷ ದಸರಾ ರಜೆಯಲ್ಲಿ ಕಾರು ಮೂರು ವಾರ ಹೊಂಗೆಮರದ ಕೆಳಗೆ ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು. ಕಾರ್ತಿಕ ಸೋಮವಾರ ಅತ್ತೆಯನ್ನು ಮಹದೇಶ್ವರನ ಬೆಟ್ಟಕ್ಕೆ ಕರೆದುಕೊಂಡು ಹೋದೆ. ವಾಪಸು ತಿರುವುಗಳನ್ನೆಲ್ಲ ಇಳಿದು ತಾಳಬೆಟ್ಟಕ್ಕೆ ಬಂದು ನಿಂತಾಗ ಒಂದು ವಾಸನೆ. ಕುಕ್ಕರಿನಲ್ಲಿ ನೀರು ಬತ್ತಿ ಗ್ಯಾಸ್ಕೆಟ್ ಸುಟ್ಟರೆ ಬರುತ್ತದಲ್ಲ, ಅಂಥದ್ದು. ಇಳಿದು ಒಂದೊಂದು ಚಕ್ರದ ಹತ್ತಿರವೂ ಕೈ ಹಿಡಿದು ನೋಡಿದೆ. ಮೂರು ಚಕ್ರ ಹದವಾಗಿದ್ದವು. ಹಿಂದಿನ ಎಡಚಕ್ರ ಮಾತ್ರ ದೋಸೆ ಕಾವಲಿಯಂತೆ ಕಾದಿತ್ತು. ಅಲ್ಲಿಂದ ಕೊಳ್ಳೇಗಾಲದವರೆಗೆ ಗಾಡಿ ಹೇಗೆ ಬಂತೋ ಆ ಮಾದಪ್ಪನಿಗೇ ಗೊತ್ತು. ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು. ನಾನು ಹೇಳಲಿಲ್ಲ.

ಮರುದಿನ ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಲಾರಿ, ಟೆಂಪೋ, ಕಾರು ಯಾವುದರ ಬ್ರೇಕನ್ನಾದರೂ ಬಿಚ್ಚಿ ಜೋಡಿಸುವವನು. ಕಾರನ್ನು ನೋಡುತ್ತಲೇ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ಮಿಸ್. ಇದು ಕರೆಂಟ್ ಗಾಡಿ. ನಾವು ಕೈ ಹಾಕುದ್ರೆ ವಾರಂಟಿ ಓಯ್ತದೆ ಅಂತಾರೆ. ಮೈಸೂರಿಗೇ ತಕ್ಕೊಂಡೋಗಿ" ಎಂದ.

ಮೈಸೂರಿನ ಆ ಸರ್ವಿಸ್ ಸೆಂಟರಿಗೆ ಕಾರನ್ನು ಲಾರಿಯ ಮೇಲೆ ಹೊತ್ತುಕೊಂಡು ಹೋಗಬೇಕಾಯಿತು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಸರ್ ಬಂದಿಲ್ವಾ ಮೇಡಮ್?" ಎರಡನೆಯದು, "ಸರ್ ನಂಬರ್ ಕೊಡಿ." ಕೊಟ್ಟೆ. ಮಿಕ್ಸಿಯ ಪ್ಲಗ್ಗಿನ ತಂತಿ ಸಡಿಲವಾದರೂ ನನ್ನನ್ನೇ ಕೂಗುವ ನನ್ನ ಯಜಮಾನರಿಗೆ ಅವರು ಕಾಲು ಗಂಟೆ ಕ್ಯಾಲಿಪರ್ ಎಂದರೇನು ಎಂದು ವಿವರಿಸಿದರು. ಇವರು ಎಲ್ಲ ಕೇಳಿಸಿಕೊಂಡು, "ಅವಳನ್ನೇ ಕೇಳಿ" ಎಂದು ಫೋನಿಟ್ಟರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯವರು.

ನಾನು ಒಳಗೆ ಹೋಗಿ ನೋಡುತ್ತೇನೆ ಎಂದೆ. "ಮುಟ್ಟಬೇಡಿ ಮೇಡಮ್, ಹೈ ವೋಲ್ಟೇಜ್. ಕಸ್ಟಮರ್ ಒಳಗೆ ಬರುವ ಹಾಗಿಲ್ಲ" ಎಂದು ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಕೊನೆಗೆ ತೀರ್ಪು ಬಂತು: ಕ್ಯಾಲಿಪರ್ ಪೂರ್ತಿ ಜಾಮ್, ಹೊಸದೇ ಹಾಕಬೇಕು, ಸ್ಟಾಕ್ ಇಲ್ಲ, ತರಿಸಬೇಕು. ವಾರಂಟಿಗೆ ಬರುತ್ತದಲ್ಲ ಎಂದರೆ, ಇಲ್ಲ, ಇದು ಸವೆಯುವ ಭಾಗ. ಅಂದರೆ ನಮ್ಮೂರ ಹುಡುಗ ಮುಟ್ಟಿದರೆ ಹೋಗುವ ವಾರಂಟಿ, ಅವರು ಮುಟ್ಟುವಾಗ ಮೊದಲೇ ಹೋಗಿರುತ್ತದೆ! ಕಾರು ಅಲ್ಲಿ ಹತ್ತೊಂಬತ್ತು ದಿನ ಇತ್ತು. ನಾನು ಹತ್ತೊಂಬತ್ತು ದಿನ ಹನೂರಿನ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದೆ. ಬಿಲ್ಲಿನ ದುಡ್ಡಿಗೆ ಕೊಳ್ಳೇಗಾಲದ ಒಂದು ಒಳ್ಳೆಯ ರೇಷ್ಮೆ ಸೀರೆ ಬರುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಕರೆಂಟಿನ ಕಾರಿನಲ್ಲಿ ಮುಟ್ಟಬಾರದ ಜಾಗ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ. ದೊಡ್ಡ ಬ್ಯಾಟರಿ, ಅದರಿಂದ ಮೋಟರಿಗೆ ಹೋಗುವ ಕಿತ್ತಳೆ ಬಣ್ಣದ ದಪ್ಪ ತಂತಿಗಳು. ಅವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಪ್ರಾಣ ತೆಗೆಯುವಂಥದ್ದು. ತರಬೇತಿ ಇಲ್ಲದ ಯಾರೂ ಅತ್ತ ಕೈ ಚಾಚಬಾರದು. ಎಲ್ಲರಿಗೂ ಕಾಣಲಿ ಎಂದೇ ಆ ತಂತಿಗೆ ಆ ಬಣ್ಣ ಬಳಿದಿದ್ದಾರೆ.

ಆದರೆ ಚಕ್ರದ ಬ್ರೇಕಿಗೂ ಆ ತಂತಿಗೂ ಏನು ಸಂಬಂಧ? ಕ್ಯಾಲಿಪರ್ ಎಂದರೆ ಒಂದು ಕಬ್ಬಿಣದ ಹಿಡಿ. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡುಗಳಲ್ಲಿ ಅಮುಕುತ್ತದೆ, ಒಲೆಯ ಮೇಲಿನ ತಟ್ಟೆಯನ್ನು ನಾವು ಇಕ್ಕಳದಲ್ಲಿ ಹಿಡಿಯುವ ಹಾಗೆ. ಅಮುಕುವುದಕ್ಕೆ ಬ್ರೇಕ್ ಆಯಿಲಿನ ಒತ್ತಡ, ಒಳಗೊಂದು ಪಿಸ್ಟನ್. ಹಿಡಿ ಆಚೆ ಈಚೆ ಸರಿದಾಡಲು ಗ್ರೀಸ್ ಹಚ್ಚಿದ ಎರಡು ಪಿನ್ನು, ಅವಕ್ಕೆ ನೀರು ಇಳಿಯದಂತೆ ರಬ್ಬರಿನ ಟೋಪಿ. ಪೆಟ್ರೋಲ್ ಕಾರಿನಲ್ಲೂ ಇರುವುದು ಇದೇ.

ಒಂದು ವ್ಯತ್ಯಾಸ ಇದೆ. ಅದನ್ನು ಮಾರುವಾಗ ಅರ್ಧ ಹೇಳುತ್ತಾರೆ. ಹಿಂದೆ ಸೈಕಲ್ಲಿಗೆ ಡೈನಮೋ ಹಾಕಿಸಿಕೊಂಡವರಿಗೆ ಗೊತ್ತು, ದೀಪ ಉರಿಯತೊಡಗಿದರೆ ಪೆಡಲು ಭಾರವಾಗುತ್ತದೆ. ಈ ಕಾರಿನಲ್ಲೂ ಹಾಗೆಯೇ. ಕಾಲು ಎತ್ತಿದರೆ ಮೋಟರೇ ಡೈನಮೋ ಆಗಿ ಗಾಡಿಯನ್ನು ಹಿಡಿದು, ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಆದ್ದರಿಂದ ನಿಜವಾದ ಬ್ರೇಕಿಗೆ ಕೆಲಸ ಕಡಿಮೆ. "ಪ್ಯಾಡ್ ಸವೆಯುವುದೇ ಇಲ್ಲ ಮೇಡಮ್" ಎಂದು ಮಾರುವವರು ಹಿಗ್ಗುತ್ತಾರೆ. ಸವೆಯುವುದಿಲ್ಲ, ನಿಜ. ತುಕ್ಕು ಹಿಡಿಯುತ್ತದೆ! ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಕ್ಕೇ ಹೆಚ್ಚು ಕೆಲಸ, ಹಿಂದಿನದಕ್ಕೆ ಇನ್ನೂ ಕಡಿಮೆ. ಮೂಲೆಯಲ್ಲಿಟ್ಟ ಈಳಿಗೆಮಣೆಯ ಹಾಗೆ ಅದು ಕೆಲಸವಿಲ್ಲದೆಯೇ ಕೆಡುತ್ತದೆ. ಪಿನ್ನು ಕಚ್ಚಿಕೊಂಡರೆ ಪ್ಯಾಡು ತಟ್ಟೆಯನ್ನು ಬಿಡುವುದಿಲ್ಲ. ಚಕ್ರ ಕಾಯುತ್ತದೆ, ಚಾರ್ಜು ಬೇಗ ಇಳಿಯುತ್ತದೆ.

ಬೆಟ್ಟದ ಮೇಲೆ ರಾತ್ರಿ ತಂಗಿ ಪೂರ್ತಿ ಚಾರ್ಜ್ ಮಾಡಿಕೊಂಡು ಬೆಳಗ್ಗೆ ಇಳಿಯುವವರು ಇನ್ನೊಂದು ಮಾತು ತಿಳಿದಿರಬೇಕು. ತುಂಬಿದ ಬ್ಯಾಟರಿಯಲ್ಲಿ ಹೊಸ ಕರೆಂಟಿಗೆ ಜಾಗವಿರುವುದಿಲ್ಲ, ಮೋಟರಿನ ಹಿಡಿತ ಸಡಿಲವಾಗುತ್ತದೆ. ಆ ತಿರುವುಗಳಲ್ಲಿ ಆಗ ನಮ್ಮನ್ನು ಕಾಯುವುದು ಈ ತುಕ್ಕು ಹಿಡಿದ ಕಬ್ಬಿಣವೇ. ವರ್ಷಕ್ಕೊಮ್ಮೆ ಪಿನ್ನು ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿದರೆ ಸಾಕು ಎಂದು ಗಾಜಿನ ಕೋಣೆಯಲ್ಲಿ ನನಗೆ ಯಾರೂ ಹೇಳಲಿಲ್ಲ. ಹೇಳಿದರೆ ಕ್ಯಾಲಿಪರ್ ಮಾರಾಟವಾಗುವುದು ಹೇಗೆ?

ನಾನು ಒಂದು ಹಟ ಮಾಡಿದೆ. ಹಳೆಯ ಕ್ಯಾಲಿಪರ್ ಕೊಡಿ ಎಂದೆ. "ಅದು ಗುಜರಿ ಮೇಡಮ್, ಏನು ಮಾಡ್ತೀರಾ?" ಎಂದರು. ದುಡ್ಡು ಕೊಟ್ಟವಳು ನಾನು, ಗುಜರಿಯೂ ನನ್ನದೇ ಎಂದೆ. ಅರ್ಧ ದಿನ ಕಾಯಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟರು. ಅದನ್ನು ತಂದು ಬಸ್ ಸ್ಟ್ಯಾಂಡಿನ ಹುಡುಗನ ಮುಂದೆ ಇಟ್ಟೆ. ಈಗ ಕಾರಿಲ್ಲ, ಕರೆಂಟಿಲ್ಲ, ಅವನಿಗೆ ಧೈರ್ಯ ಬಂತು. ಅರ್ಧ ಗಂಟೆಯಲ್ಲಿ ಬಿಚ್ಚಿದ. ರಬ್ಬರ್ ಟೋಪಿ ಹರಿದು ಒಂದು ಪಿನ್ನು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಪಿಸ್ಟನ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಪಿಸ್ಟನ್ ಗುಳಿಬಿದ್ದಿದ್ರೆ ಬದಲಾಯಿಸ್ಲೇಬೇಕು ಮಿಸ್. ಇದಕ್ಕೆ ಪಿನ್ನು, ರಬ್ಬರು ಹಾಕುದ್ರೆ ಆಗೋಗದು. ಆದ್ರೆ ಆ ರಬ್ಬರು ನಮಗೆ ಕೊಡದಿಲ್ವಲ್ಲ" ಎಂದ.

ಕೊಡುವುದಿಲ್ಲ. ನನ್ನ ಜಗಳ ಇರುವುದು ಇಲ್ಲಿ. ಇದು ನನ್ನೊಬ್ಬಳ ಗೊಣಗಾಟವೂ ಅಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ತಪ್ಪು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿಯೇ ರದ್ದು ಎಂದು ಸಾರಾಸಗಟಾಗಿ ಷರತ್ತು ಹಾಕಕೂಡದು ಎಂದೂ ಆ ಕಂಪನಿಗಳಿಗೆ ಹೇಳಿತು. ಮುಂದೆ ಮೇಲ್ಮನವಿಗಳಾದವು, ವರ್ಷಗಳು ಉರುಳಿದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ರಿಪೇರಿಯ ಹಕ್ಕು" ಎಂದು ಒಂದು ಪೋರ್ಟಲ್ ತೆರೆಯಿತು. ಅದರಲ್ಲಿ ಮೊಬೈಲು, ಟ್ರ್ಯಾಕ್ಟರುಗಳ ಜೊತೆ ಕಾರುಗಳೂ ಇವೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಇದೇ ಪ್ರಶ್ನೆಯನ್ನು 2012ರಲ್ಲೂ 2020ರಲ್ಲೂ ಜನರ ಮತಕ್ಕೆ ಹಾಕಿದರು, ಎರಡು ಸಲವೂ ಜನ ಗ್ಯಾರೇಜಿನ ಪರ ನಿಂತರು. ನಮ್ಮಲ್ಲಿ ಪೋರ್ಟಲ್ ಇದೆ, ರಬ್ಬರ್ ಟೋಪಿ ಇಲ್ಲ.

ಬ್ರೇಕು ಪ್ರಾಣದ ವಿಷಯ, ಕಂಡಕಂಡವರ ಕೈಗೆ ಕೊಡಬಹುದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಜಾತ್ರೆಯ ದಿನ ಬೆಟ್ಟಕ್ಕೆ ಜನರನ್ನು ತುಂಬಿಕೊಂಡು ಹತ್ತುವ ಟೆಂಪೋಗಳ ಬ್ರೇಕು ಯಾರ ಕೈಯಲ್ಲಿದೆ ಎಂದು ನಾನು ಕೇಳಿದೆ. ಆ ಹುಡುಗನಿಗೆ ತಿಳಿಯದ್ದು ಇದ್ದರೆ ಕಲಿಸಿ. ಕಂಪನಿ ಬರೆದಿಟ್ಟ ಪುಸ್ತಕ ಕೊಡಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟು ಕೊಡಿ. ಗುಂಡಿ ಒತ್ತಿದರೆ ಹ್ಯಾಂಡ್ ಬ್ರೇಕ್ ಬೀಳುವ ಹೊಸ ಕಾರುಗಳಲ್ಲಿ ಕ್ಯಾಲಿಪರಿನ ಬೆನ್ನಿಗೇ ಒಂದು ಪುಟ್ಟ ಮೋಟರು ಇರುತ್ತದೆ. ಬಿಚ್ಚುವ ಮೊದಲು ಅದನ್ನು ರಿಪೇರಿಯ ಸ್ಥಿತಿಗೆ ತರಬೇಕು, ಎಷ್ಟೋ ಕಾರುಗಳಲ್ಲಿ ಅದು ಕಂಪ್ಯೂಟರಿನಿಂದಲೇ ಆಗಬೇಕು. ಆ ಬೀಗದ ಕೈಯನ್ನು ಮೈಸೂರು, ಬೆಂಗಳೂರಿನ ಸೊಂಟಕ್ಕೆ ಮಾತ್ರ ಸಿಕ್ಕಿಸಿಕೊಂಡರೆ ಹನೂರಿನವರು, ಯಳಂದೂರಿನವರು ಕಾರು ಕೊಂಡದ್ದೇಕೆ?

ನಮ್ಮ ತಪ್ಪೂ ಇದೆ. ಕುಕ್ಕರಿನ ವಾಲ್ವನ್ನು ನಾವೇ ಬದಲಾಯಿಸುತ್ತೇವೆ, ಸಿಲಿಂಡರಿನ ವಾಷರ್ ನೋಡಿಯೇ ರೆಗ್ಯುಲೇಟರ್ ಕೂರಿಸುತ್ತೇವೆ. ಅದು ಬೆಂಕಿಯ ಜೊತೆಗಿನ ಸರಸ, ಅದಕ್ಕೆ ಯಾರೂ ಮುಟ್ಟಬೇಡ ಎನ್ನಲಿಲ್ಲ. ಯಾಕೆಂದರೆ ಅಡುಗೆ ಆಗಬೇಕಲ್ಲ! ಕಾರಿನ ಮಾತು ಬಂದೊಡನೆ ಮಾತ್ರ ಗಾಜಿನ ಕೋಣೆಯ ಕಾಫಿಗೆ ತೃಪ್ತರಾಗಿಬಿಡುತ್ತೇವೆ. ನಾನೂ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಹೋದ ತಿಂಗಳು ಬಲಗಡೆಯ ಹಿಂದಿನ ಚಕ್ರ ಬಿಸಿಯಾಗತೊಡಗಿತು. ಈ ಸಲ ಮೈಸೂರಿಗೆ ಹೋಗಲಿಲ್ಲ. ಆಯೋಗದ ಆದೇಶದ ಸಾರಾಂಶವನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿ ಹುಡುಗನ ಗೋಡೆಗೆ ಅಂಟಿಸಿದೆ. ಅವನು ಎರಡು ಸಲ ಓದಿ, ಪಾನಾ ಕೈಗೆತ್ತಿಕೊಂಡ. ಕಾರು ಆಫ್ ಮಾಡಿ ಬೀಗ ನನ್ನ ಕೈಗೇ ಕೊಟ್ಟ, ಸದ್ದಿಲ್ಲದ ಗಾಡಿ ನೋಡಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಜಾಕಿ ಏರಿಸಿದ. ನಾನು ಬ್ಯಾಟರಿ ಹಿಡಿದು ಬೆಳಕು ಬಿಟ್ಟೆ. ಪಿನ್ನು ಬಿಗಿಯಾಗಿದ್ದರೂ ಕಚ್ಚಿರಲಿಲ್ಲ. ರಬ್ಬರೂ ಹರಿದಿರಲಿಲ್ಲ. ತೊಳೆದು, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ತಿರುಗಿಸುತ್ತಾ ತಿರುಗಿಸುತ್ತಾ ಪಿಸ್ಟನ್ ಒಳಗೆ ತಳ್ಳಿ, ಮತ್ತೆ ಜೋಡಿಸಿದ. "ಕುಂತ್ಕಂಡು ಪೆಡಲ್ ಒತ್ತಿ ಮಿಸ್. ಗಟ್ಟಿ ಆಗೋಗಂಟ ಒತ್ತಿ. ಒತ್ತದೆ ಗಾಡಿ ತೆಗೀಬ್ಯಾಡಿ" ಎಂದ. ಒತ್ತಿದೆ. ಮೊದಲು ಬೆಣ್ಣೆಯ ಹಾಗೆ ಇಳಿಯಿತು, ನಾಲ್ಕನೆಯ ಸಲಕ್ಕೆ ಗಟ್ಟಿಯಾಯಿತು.

ಹಳೆಯ ಎಡಗಡೆಯ ಕ್ಯಾಲಿಪರ್ ಈಗ ಯಳಂದೂರಿನಲ್ಲಿದೆ. ದೇವರಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅಮ್ಮ ಅದನ್ನು ಒತ್ತಿಟ್ಟಿದ್ದಾಳೆ.