ಎರಡು ದೋಣಿ, ನಡುವೆ ಒಂದು ಹಲಗೆ



ಕರಾವಳಿಯ ಊರೊಂದರಿಂದ ಎರಡನೇ ಪಿಯುಸಿ ಹುಡುಗಿಯೊಬ್ಬಳು ನನಗೆ ಬರೆದಿದ್ದಾಳೆ: ‘ಮಾಸ್ತರೇ, ನನಗೆ ಎಂಜಿನಿಯರಿಂಗ್ ಓದಬೇಕು. ಜೊತೆಗೆ ಬೇರೆ ದೇಶಗಳ ಭಾಷೆ, ಇತಿಹಾಸ, ರಾಜಕೀಯವನ್ನೂ ಓದಬೇಕು. ಎರಡು ಪದವಿ ಒಟ್ಟಿಗೆ ಮಾಡಬಹುದೇ? ಎರಡು ದೋಣಿಯ ಮೇಲೆ ಕಾಲಿಟ್ಟರೆ ನೀರಿಗೆ ಬೀಳುತ್ತೀ ಅಂತ ಅಜ್ಜಿ ಹೇಳುತ್ತಾರೆ.’

ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಹೊಳೆ ದಾಟಿಸುವವರು ಇನ್ನೊಂದು ಉಪಾಯ ಮಾಡುತ್ತಾರೆ. ಎರಡು ದೋಣಿಗಳನ್ನು ಅಕ್ಕಪಕ್ಕ ಕಟ್ಟಿ, ಮೇಲೆ ಹಲಗೆ ಬಿಗಿಯುತ್ತಾರೆ. ಆಗ ಅದರ ಮೇಲೆ ಸ್ಕೂಟರೂ ದಾಟುತ್ತದೆ, ಜನರೂ ದಾಟುತ್ತಾರೆ. ಹಾಗಾಗಿ ನಾನು ಹುಡುಗಿಗೆ ಕೇಳುವುದು ಇಷ್ಟೇ: ನಿನ್ನ ಎರಡು ಓದನ್ನು ಸೇರಿಸಿ ಬಿಗಿಯುವ ಹಲಗೆ ಯಾವುದು?

ದೇಶ ದೇಶಗಳ ನಡುವಿನ ವ್ಯವಹಾರ, ಜಗಳ, ಒಪ್ಪಂದ, ವ್ಯಾಪಾರ ಇವನ್ನೆಲ್ಲ ಓದುವ ವಿಷಯಕ್ಕೆ ಅಂತರರಾಷ್ಟ್ರೀಯ ಅಧ್ಯಯನ ಎಂದು ಹೆಸರು. ಹೆಸರು ದೊಡ್ಡದು, ಆದರೆ ಅದು ನಮ್ಮ ಅಡುಗೆಮನೆಯವರೆಗೂ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆ ದುಬಾರಿಯಾಯಿತು, ನೆನಪಿದೆಯೇ? ಆ ಎಣ್ಣೆಯ ಬಹುಪಾಲು ನಮಗೆ ಬರುತ್ತಿದ್ದದ್ದು ಉಕ್ರೇನ್, ರಷ್ಯಾಗಳಿಂದ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟರೆ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಬೆಲೆಯ ಸುದ್ದಿಗೆ ಕಿವಿಗೊಡುತ್ತಾರೆ. ಗಿಡದ ವಿಚಾರ ಕೃಷಿ ಓದಿದವರಿಗೆ ಗೊತ್ತು, ಬ್ರೆಜಿಲ್ ವಿಚಾರ ದೇಶಗಳನ್ನು ಓದಿದವರಿಗೆ ಗೊತ್ತು. ಎರಡೂ ಗೊತ್ತಿರುವವರು ಕಡಿಮೆ. ಆ ಕಡಿಮೆ ಇರುವ ಜಾಗದಲ್ಲೇ ಕೆಲಸವಿದೆ.

ಇದನ್ನು ಚೆನ್ನಾಗಿ ಮಾಡಿ ತೋರಿಸಿದ ಒಂದು ಜಾಗ ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯ. ಅಲ್ಲಿ ಜಾನ್ ಗ್ರಾಂಡಿನ್ ಜರ್ಮನ್ ಭಾಷೆಯ ಪ್ರಾಧ್ಯಾಪಕರಾಗಿದ್ದರು, ಹರ್ಮನ್ ವೀಟ್ಸ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿದ್ದರು. ಒಬ್ಬರದು ಸಾಹಿತ್ಯ, ಇನ್ನೊಬ್ಬರದು ಯಂತ್ರ. ಇಬ್ಬರೂ ಸೇರಿ 1987ರಲ್ಲಿ ಐದು ವರ್ಷದ ಓದೊಂದನ್ನು ಶುರು ಮಾಡಿದರು. ಕೊನೆಯಲ್ಲಿ ಎರಡು ಪದವಿ: ಒಂದು ಎಂಜಿನಿಯರಿಂಗ್, ಇನ್ನೊಂದು ಜರ್ಮನ್. ಮೊದಲ ವರ್ಷದಿಂದಲೇ ಗಣಿತದ ಜೊತೆಗೆ ಜರ್ಮನ್ ಪಾಠವೂ ನಡೆಯುತ್ತದೆ. ನಾಲ್ಕನೇ ವರ್ಷ ಪೂರ್ತಿ ಹೊರದೇಶದಲ್ಲಿ. ಅರ್ಧ ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ, ಇನ್ನರ್ಧ ವರ್ಷ ಅಲ್ಲಿನ ಕಂಪನಿಯೊಂದರಲ್ಲಿ ಕೆಲಸ. ಕಲಿತ ಭಾಷೆಯಲ್ಲೇ ಮೇಲಧಿಕಾರಿಗೆ ಉತ್ತರ ಹೇಳಬೇಕು, ಅಂಗಡಿಯಲ್ಲಿ ಬ್ರೆಡ್ಡನ್ನೂ ಕೇಳಬೇಕು. ಆಮೇಲೆ ಅದೇ ಕ್ರಮದಲ್ಲಿ ಫ್ರೆಂಚ್, ಸ್ಪ್ಯಾನಿಷ್, ಚೀನೀ ಭಾಷೆಗಳೂ ಸೇರಿದವು. ಇಲ್ಲಿ ಹಲಗೆ ಯಾವುದು ನೋಡಿ: ಆ ಒಂದು ವರ್ಷ. ಅದು ಇಲ್ಲದಿದ್ದರೆ ಎರಡು ಪ್ರಮಾಣಪತ್ರ ಸಿಗುತ್ತಿತ್ತು, ಅಷ್ಟೇ.

ನಮ್ಮಲ್ಲಿ ಏನಿದೆ? ಮೊದಲು ಒಂದೇ ಹೊತ್ತಿಗೆ ಎರಡು ಪೂರ್ಣಾವಧಿ ಪದವಿ ಓದಲು ಅವಕಾಶವಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಅದಕ್ಕೆ ದಾರಿ ಬಿಟ್ಟುಕೊಟ್ಟಿತು. ಎರಡನ್ನೂ ಕಾಲೇಜಿಗೆ ಹೋಗಿಯೇ ಓದುವುದಾದರೆ ಒಂದರ ತರಗತಿ ಹೊತ್ತು ಇನ್ನೊಂದಕ್ಕೆ ಅಡ್ಡ ಬರಬಾರದು. ಇಲ್ಲವಾದರೆ ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಓದಬಹುದು. ಬೆಳಿಗ್ಗೆಯಿಂದ ಸಂಜೆವರೆಗೆ ಎಂಜಿನಿಯರಿಂಗ್ ತರಗತಿ ಇರುವವರಿಗೆ ಈ ಎರಡನೆಯ ದಾರಿಯೇ ಅನುಕೂಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ, ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವಿದೆ. ಅಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡರೆ ಈ ವಿಷಯಕ್ಕೆ ಹತ್ತಿರವಾಗುತ್ತದೆ.

ಹಣ ಕಟ್ಟುವ ಮೊದಲು ಮೂರು ವಿಷಯ ವಿಚಾರಿಸಿ. ನಿಮ್ಮ ಕಾಲೇಜು ಎರಡನೆಯ ಪದವಿಗೆ ಒಪ್ಪುತ್ತದೆಯೇ? ಯುಜಿಸಿ ದಾರಿ ಬಿಟ್ಟರೂ ಎಲ್ಲ ಕಡೆ ನಿಯಮ ಒಂದೇ ಥರ ಇರುವುದಿಲ್ಲ. ದೂರಶಿಕ್ಷಣದ ಆ ಕೋರ್ಸಿಗೆ ಮಾನ್ಯತೆ ಇದೆಯೇ? ಎರಡರ ಪರೀಕ್ಷೆಯೂ ಒಂದೇ ದಿನ ಬಿದ್ದರೆ ಏನು ಮಾಡುವುದು? ಈ ಉತ್ತರಗಳನ್ನು ಬಾಯಿಮಾತಿನಲ್ಲಿ ಪಡೆಯಬೇಡಿ, ಬರಹದಲ್ಲಿ ಪಡೆಯಿರಿ.

ಇನ್ನು ಭಾಷೆ. ಭಾಷೆ ಕಲಿಯದೆ ಬೇರೆ ದೇಶವನ್ನು ಓದುವುದು ಕಿಟಕಿಯಿಂದ ಜಾತ್ರೆ ನೋಡಿದ ಹಾಗೆ. ಬೆಂಗಳೂರಿನಲ್ಲಿ ಜರ್ಮನ್ ಕಲಿಯಲು ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್ ಕಲಿಯಲು ಅಲಿಯಾನ್ಸ್ ಫ್ರಾಂಸೇಸ್ ಇವೆ. ಅಲ್ಲಿನ ಕಲಿಕೆಯನ್ನು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಒಂದು ರಜೆಯಲ್ಲಿ ಆರು ಮೆಟ್ಟಿಲು ಹತ್ತಲಾಗದು, ವರ್ಷಗಳೇ ಬೇಕು. ಎರಡನೆಯ ಪದವಿ ಭಾರವೆನಿಸಿದರೆ ಒಂದೇ ಪದವಿ ಓದಿ, ಜೊತೆಗೆ ಒಂದು ಭಾಷೆ ಗಟ್ಟಿಯಾಗಿ ಕಲಿತರೂ ಸಾಕು. ಅದೂ ಹಲಗೆಯೇ.

ಅಜ್ಜಿಯರೇ, ನಿಮ್ಮ ನಿಜವಾದ ಚಿಂತೆ ನೀರಿಗೆ ಬೀಳುವುದಲ್ಲ ಅಂತ ನನಗನಿಸುತ್ತದೆ. ಮೊಮ್ಮಗಳು ದೂರ ಹೋದರೆ ನಮ್ಮವಳಾಗಿ ಉಳಿಯುತ್ತಾಳೋ ಇಲ್ಲವೋ ಎಂಬುದು ಆ ಚಿಂತೆ. ಅವಳು ದೂರ ಹೋಗಲೂಬಹುದು, ಹೋಗುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಕಿಟೆಲ್ ಅವರನ್ನು ನೆನೆಯಿರಿ. ಜರ್ಮನಿಯಲ್ಲಿ ಹುಟ್ಟಿದ ಅವರು 1853ರಲ್ಲಿ ನಮ್ಮ ನಾಡಿಗೆ ಬಂದು ಕನ್ನಡ ಕಲಿತರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಅವರು ಜರ್ಮನ್ ಮರೆಯಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. ಇನ್ನೊಬ್ಬರ ಭಾಷೆಯನ್ನು ಗೌರವದಿಂದ ಕಲಿಯುವವರಿಗೆ ತಮ್ಮ ಭಾಷೆಯ ಬೆಲೆಯೂ ಗೊತ್ತಾಗುತ್ತದೆ. ಮನೆಯಲ್ಲಿ ನೀವು ಅವಳ ಜೊತೆ ಆಡುವ ಕನ್ನಡವೇ ಅವಳ ಮೊದಲ ಮೆಟ್ಟಿಲು.

ಮಗಳೇ, ನಿನಗೆ ನನ್ನ ಉತ್ತರ: ಎರಡೂ ಓದು ಬೇಕಾಗುವಂಥ ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆ. ಬಂದರಿಗೆ ಬರುವ ಹಡಗುಗಳ ಬಗ್ಗೆಯೋ, ಗಡಿ ದಾಟುವ ನದಿಯ ನೀರಿನ ಬಗ್ಗೆಯೋ, ಯಾವುದಾದರೂ ಸರಿ. ಪ್ರಶ್ನೆ ಹೊಳೆದರೆ ಧೈರ್ಯವಾಗಿ ಎರಡಕ್ಕೂ ಸೇರು. ಹೊಳೆಯದಿದ್ದರೆ ಒಂದನ್ನೇ ಚೆನ್ನಾಗಿ ಓದು, ಇನ್ನೊಂದು ಕಾಯುತ್ತದೆ.

ಉಳಿದ ಮಕ್ಕಳಿಗೆ ಈ ವಾರದ ಕೆಲಸ: ಅಜ್ಜಿಯ ಜೊತೆ ಅಡುಗೆಮನೆಯ ಡಬ್ಬಿ, ಪ್ಯಾಕೆಟ್ಟುಗಳನ್ನೆಲ್ಲ ನೋಡಿ. ಹೊರದೇಶದಿಂದ ಬಂದವು ಎಷ್ಟು ಎಂದು ಪಟ್ಟಿ ಮಾಡಿ, ಆ ದೇಶಗಳನ್ನು ನಕ್ಷೆಯಲ್ಲಿ ಗುರುತಿಸಿ ನನಗೆ ಬರೆಯಿರಿ.