ಕಳ್ಳನಷ್ಟೇ ಅಲ್ಲ, ಸ್ಥಳವೂ ಮುಖ್ಯ

ಕಳವು ನಡೆದ ಮೇಲೆ ಪೋಲೀಸರು ಬರುವುದು, ಮಹಜರು ನಡೆಸುವುದು, ಕಳ್ಳನನ್ನು ಹುಡುಕುವುದು ನಾವೆಲ್ಲ ಕಂಡ ಕ್ರಮ. ಅದೇ ಜಾಗದಲ್ಲಿ ಮತ್ತೆ ಮತ್ತೆ ಕಳವಾಗುವುದೇಕೆ ಎಂದು ಕೇಳುವವರು ಕಡಿಮೆ. ಬಿಡಿ ದೂರುಗಳ ಹಿಂದೆ ಓಡುವುದಷ್ಟೇ ಸಾಲದು, ಅವುಗಳ ಮೂಲವನ್ನು ಸರಿಪಡಿಸಬೇಕೆಂದು ಅಮೇರಿಕದ ಕಾನೂನು ಪ್ರಾಧ್ಯಾಪಕ ಹರ್ಮನ್ ಗೋಲ್ಡ್‌ಸ್ಟೀನ್ 1979ರಲ್ಲಿ ವಾದಿಸಿದರು.

ಈ ವಾದಕ್ಕೆ ಆಧಾರವೂ ದೊರೆಯಿತು. ಮಿನಿಯಾಪೊಲಿಸ್ ನಗರದ ಪೋಲೀಸರಿಗೆ ಬಂದ ಒಂದು ವರ್ಷದ ಕರೆಗಳ ಕುರಿತು 1989ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅರ್ಧದಷ್ಟು ಕರೆಗಳು ಶೇಕಡಾ 3ರಷ್ಟು ವಿಳಾಸಗಳಿಗೆ ಸಂಬಂಧಿಸಿದ್ದವು. 1980ರ ದಶಕದಲ್ಲಿ ನ್ಯೂಪೋರ್ಟ್ ನ್ಯೂಸ್ ಪಟ್ಟಣದ ಶಿಥಿಲ ವಸತಿ ಸಮುಚ್ಚಯವೊಂದರಲ್ಲಿ ಪೋಲೀಸರು ನಿವಾಸಿಗಳನ್ನು ವಿಚಾರಿಸಿ, ಇತರ ಇಲಾಖೆಗಳ ನೆರವಿನಿಂದ ಕಸ ತೆಗೆಸಿ ರಸ್ತೆಯ ಹೊಂಡ ಮುಚ್ಚಿಸಿದರು. ಅಲ್ಲಿ ಮನೆಗಳ್ಳತನ ಶೇಕಡಾ 35ರಷ್ಟು ಇಳಿಯಿತು. ಅಪರಾಧ ಪಕ್ಕದ ಬೀದಿಗೆ ಹೋಗುವುದಿಲ್ಲವೇ? ಜೆರ್ಸಿ ಸಿಟಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗಾಗಿರಲಿಲ್ಲ. ನೆರೆಯ ಬೀದಿಗಳಿಗೂ ಪ್ರಯೋಜನವೇ ಆಗಿತ್ತು.

ನಮ್ಮ ಕೇರಳದಲ್ಲೂ 2008ರಲ್ಲಿ ಜನಮೈತ್ರಿ ಯೋಜನೆ ಆರಂಭವಾಯಿತು. ಬೀಟ್ ಪೋಲೀಸರು ಮನೆಮನೆಗೆ ಹೋಗಿ ಜನರ ಪರಿಚಯ ಮಾಡಿಕೊಳ್ಳಬೇಕೆಂಬುದು ಅದರ ಆಶಯ. ಯಾವ ತಿರುವಿನಲ್ಲಿ ದೀಪವಿಲ್ಲ, ಯಾವ ಕಟ್ಟಡ ಪಾಳುಬಿದ್ದಿದೆ ಎಂಬುದು ಮೊದಲು ತಿಳಿಯುವುದು ಅಲ್ಲಿನ ನಿವಾಸಿಗಳಿಗೆ. ಅವರಾಡುವ ಕನ್ನಡ ಬಂದವರಿಗೆ ಅರ್ಥವಾಗದಿದ್ದರೆ ಆ ತಿಳಿವಳಿಕೆ ಜಗಲಿಯಲ್ಲೇ ಉಳಿಯುತ್ತದೆ. ಗಡಿನಾಡಿನ ಠಾಣೆಗಳಿಗೆ ಕನ್ನಡ ಬಲ್ಲ ಸಿಬ್ಬಂದಿ ಬೇಕೆಂಬುದು ಬರಿಯ ಭಾಷಾಭಿಮಾನವಲ್ಲ. ಊರಿನ ಸುರಕ್ಷತೆಯ ಪ್ರಶ್ನೆ.