ಹಳೆಯ ಗಣಕಯಂತ್ರ ಗುಜರಿಗಲ್ಲ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕಾದರೋ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ಹೀಗಾಗಿ ಸುಸ್ಥಿತಿಯಲ್ಲಿರುವ ಎಷ್ಟೋ ಯಂತ್ರಗಳು ಮೂಲೆ ಸೇರುತ್ತಿವೆ. ಸಾಮಾನ್ಯ ಕುಟುಂಬಗಳಿಗೆ ಹೊಸತನ್ನು ಕೊಳ್ಳುವುದು ಅನಾವಶ್ಯಕ ಹೊರೆಯೇ ಸರಿ.

ಪರಿಹಾರ ದೂರದಲ್ಲಿಲ್ಲ. ಕಾಸರಗೋಡಿನ ನಮ್ಮ ಮಕ್ಕಳು ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಕಲಿಯುತ್ತಿರುವುದೇ ಕೇರಳದ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿ. ಅದೇ ಬಳಗದ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಗೆ 2 ಜಿಬಿ ರ‍್ಯಾಮ್ ಇದ್ದರೆ ಸಾಕು. 4 ಜಿಬಿಯಾದರೆ ಇನ್ನೂ ಸಲೀಸು. ಬೆಲೆ ತೆರಬೇಕಾಗಿಲ್ಲ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದ ಬಳಿಕ ಅಳವಡಿಸಬಹುದು. ಅದಕ್ಕೆ ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು.

ಅನನುಕೂಲಗಳು ಇಲ್ಲದಿಲ್ಲ. ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಾದೀತು. ವಿಂಡೋಸಿಗೆಂದೇ ರಚಿತವಾದ ಕೆಲವು ಲೆಕ್ಕಪತ್ರ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯವು. ಆದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡ ಬರೆಯಲು, ಲಿಬ್ರೆ ಆಫೀಸಿನಲ್ಲಿ ಪ್ರಬಂಧ ಸಿದ್ಧಪಡಿಸಲು ಅಡ್ಡಿಯೇನಿಲ್ಲ.

ಶಾಲೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಸಿಗುವ ಗಣಕಯಂತ್ರ ಮನೆಯಲ್ಲಿ ನಿತ್ಯವೂ ಸಿಕ್ಕರೆ, ಕನ್ನಡದಲ್ಲಿ ಬರೆಯುವ ಅಭ್ಯಾಸ ಮಕ್ಕಳಿಗೆ ತಾನಾಗಿ ಬೆಳೆದೀತು. ಕನ್ನಡ ಸಂಘಗಳೂ ಗ್ರಂಥಾಲಯಗಳೂ ಮೂಲೆಗೆ ಬಿದ್ದ ಯಂತ್ರಗಳನ್ನು ದಾನವಾಗಿ ಪಡೆದು, ಸಜ್ಜುಗೊಳಿಸಿ, ಇಲ್ಲದ ಮನೆಗಳಿಗೆ ತಲುಪಿಸಬೇಕು. ಮನವಿ ಸಲ್ಲಿಸಿ ಸರಕಾರದ ಉತ್ತರಕ್ಕೆ ಕಾಯಬೇಕಾದ ಕಾರ್ಯ ಇದಲ್ಲ, ನಾವೇ ಮಾಡಬಹುದಾದುದು.